ಕ್ಯಾಮೆರಾವೂ ಅಲಗೂ ಒಂದೇ ತುದಿಯಲ್ಲಿ: ನನ್ನ ಅನುಭವ

250 × 250 ಪಿಕ್ಸೆಲ್‌ಗಳ ಚಿತ್ರವನ್ನು ನಂಬಿ ಮಣಿಕಟ್ಟಿನೊಳಗೆ ಅಲಗು ಆಡಿಸುವ ಸರ್ಜನ್ ಯಾರೂ ಸಿಗುವುದಿಲ್ಲ ಎಂದು ಪೀಣ್ಯದ ಗೆಳೆಯರೂ, ಎಂಡೋಸ್ಕೋಪ್ ರಿಪೇರಿಯಲ್ಲೇ ತಲೆ ನೆರೆತ ಹಿರಿಯರೊಬ್ಬರೂ ನನಗೆ ಬುದ್ಧಿ ಹೇಳಿದ್ದರು. ಅದೇ ಚಿತ್ರವನ್ನು ನೋಡಿಕೊಂಡು ಕೈ ಶಸ್ತ್ರಚಿಕಿತ್ಸಾ ತಜ್ಞರೊಬ್ಬರು ಶವದ ಕೈಗಳಲ್ಲಿ ಕಾರ್ಪಲ್ ಟನಲ್ ರಿಲೀಸ್ (ಮಣಿಕಟ್ಟಿನಲ್ಲಿ ನರದ ಮೇಲೆ ಹಾಯುವ ರಜ್ಜು ಎಂಬ ಗಟ್ಟಿ ಪಟ್ಟಿಯನ್ನು ಕತ್ತರಿಸಿ ನರದ ಒತ್ತಡ ಬಿಡಿಸುವ ಶಸ್ತ್ರಚಿಕಿತ್ಸೆ) ಮುಗಿಸಿ, ಆಮೇಲೆ ಅಂಗೈಯನ್ನು ಪೂರ್ತಿ ಬಿಡಿಸಿ ಪರೀಕ್ಷಿಸಿ ಒಪ್ಪಿಗೆ ಕೊಟ್ಟಿರುವುದರಿಂದ, ತುದಿಯಲ್ಲೇ ಕ್ಯಾಮೆರಾ ಹೊತ್ತ ನನ್ನ ಈ ಕತ್ತರಿಸುವ ಉಪಕರಣದ ಬಗ್ಗೆ ಈಗ ಬರೆಯಬಹುದು ಎನ್ನಿಸಿದೆ.

ಮೂಲ ಕಲ್ಪನೆ ನನ್ನದೆಂದು ಹೇಳಿಕೊಳ್ಳುವುದಿಲ್ಲ. ನೋಡುವುದನ್ನೂ ಕತ್ತರಿಸುವುದನ್ನೂ ಒಂದೇ ಕೊಳವೆಗೆ ತಂದ ರಿಸೆಕ್ಟೋಸ್ಕೋಪನ್ನು ಮ್ಯಾಕ್ಸಿಮಿಲಿಯನ್ ಸ್ಟರ್ನ್ 1926ರಲ್ಲೇ ಮಾಡಿದ್ದರು. ಮಣಿಕಟ್ಟಿಗೆ ಬಂದರೆ, ಅಮೆರಿಕದ ಜಾನ್ ಏಜಿ ಅವರು ಟೆಲಿಸ್ಕೋಪನ್ನೂ ಮಡಚುವ ಅಲಗನ್ನೂ ಒಂದೇ ಹಿಡಿಯಲ್ಲಿ ಕೂರಿಸಿದ ಉಪಕರಣದ ಫಲಿತಾಂಶ 1992ರಲ್ಲಿ ಪ್ರಕಟವಾಯಿತು. ಆದರೆ ಆ ಬಗೆಯ ಉಪಕರಣಕ್ಕೆ ಟೆಲಿಸ್ಕೋಪ್, ಕ್ಯಾಮೆರಾ ಹೆಡ್, ಲೈಟ್ ಸೋರ್ಸ್, ಮಾನಿಟರ್ ಎಲ್ಲವೂ ಇರುವ ಟವರ್ ಬೇಕಾಗುತ್ತದೆ. ಆ ಟವರನ್ನೇ ತೆಗೆದುಹಾಕಿ, 1 ಮಿ.ಮೀ. ಚದರದ ನ್ಯಾನ್‌ಐ ಚಿಪ್ ಕ್ಯಾಮೆರಾವನ್ನು ಅಲಗಿನ ಹಿಂದೆಯೇ ಕೂರಿಸಿ, ನಾಲ್ಕು ತಂತಿಗಳ ಕೇಬಲ್ ಒಂದನ್ನು ಹಿಡಿಯಿಂದ ಹೊರಗೆ ತಂದು ಟ್ಯಾಬ್ಲೆಟ್‌ಗೆ ಜೋಡಿಸುವುದು ನನ್ನ ಉದ್ದೇಶವಾಗಿತ್ತು.

ಪಿಕ್ಸೆಲ್ ಸಾಲದು ಎನ್ನುವವರಿಗೆ ನಾನು ಒಂದು ಲೆಕ್ಕ ತೋರಿಸುತ್ತಿದ್ದೆ. ನೋಟದ ಕೋನ ಸುಮಾರು 90 ಡಿಗ್ರಿ ಇದ್ದರೆ 5 ಮಿ.ಮೀ. ದೂರದಲ್ಲಿ ಚಿತ್ರದ ಅಗಲ ಹೆಚ್ಚೆಂದರೆ 10 ಮಿ.ಮೀ. ಆಗುತ್ತದೆ, ಅಂದರೆ ಒಂದು ಪಿಕ್ಸೆಲ್‌ಗೆ 0.04 ಮಿ.ಮೀ. ಬೀಳುತ್ತದೆ. ಮಣಿಕಟ್ಟಿನ ಮೂಲಕ ಹಾಯುವ ಮೀಡಿಯನ್ ನರದ ಅಗಲವೇ ಹಲವು ಮಿಲಿಮೀಟರ್ ಇರುವಾಗ ಅದು ಪರದೆಯ ಮೇಲೆ ನೂರರ ಆಸುಪಾಸು ಪಿಕ್ಸೆಲ್‌ಗಳನ್ನು ಆಕ್ರಮಿಸುತ್ತದೆ. ಹೊಟ್ಟೆಯೊಳಗೆ ಒಂದು ಗೇಣು ದೂರದಿಂದ ನೋಡುವ ಕೆಲಸಕ್ಕೆ ಈ ಚಿಪ್ ಸಾಲದು ಎಂಬುದು ನಿಜ, ಮೂಗಿನ ತುದಿಯಲ್ಲಿರುವುದನ್ನು ನೋಡಲು ಸಾಕು. ಲೆಕ್ಕ ಕೇಳಿಯೂ ಯಾರೂ ಒಪ್ಪಲಿಲ್ಲ ಎಂಬುದು ಬೇರೆ ಮಾತು.

ನಿಜವಾಗಿ ಕಾಡಿದ್ದು ಕ್ಯಾಮೆರಾ ಮತ್ತು ಅಲಗಿನ ನಡುವಿನ ಸಂಬಂಧ. ಎರಡನ್ನೂ ಒಂದೇ ತುದಿಗೆ ತರುವುದರ ಲಾಭವೆಂದರೆ ಟ್ರಿಗರ್ ಒತ್ತಿದಾಗ ಮೇಲೇಳುವ ಅಲಗಿನ ಅಂಚು ಪರದೆಯ ಮೇಲೆ ಸದಾ ಒಂದೇ ಜಾಗದಲ್ಲಿ ಏಳಬೇಕು. ಆ ಜಾಗಕ್ಕೆ ಪರದೆಯಲ್ಲಿ ಗೆರೆ ಹಾಕಿಕೊಟ್ಟರೆ ಸರ್ಜನ್‌ಗೆ ಅಲಗು ಏಳುವ ಮೊದಲೇ ಅದು ಎಲ್ಲಿ ಏಳಲಿದೆ ಎಂದು ತಿಳಿಯುತ್ತದೆ, ಮತ್ತು ಆ ಗೆರೆಯಡಿ ನರವೋ ಕೊಬ್ಬೋ ಕಂಡರೆ ಟ್ರಿಗರ್ ಮುಟ್ಟದೆ ಹಿಂದೆ ಸರಿಯಬಹುದು. ಮೊದಮೊದಲ ತುದಿಗಳಲ್ಲಿ ಎಪಾಕ್ಸಿ ಅಂಟು ಒಣಗುವಾಗ ಕುಗ್ಗಿ ಕ್ಯಾಮೆರಾವನ್ನು ಒಂದು ಮಗ್ಗುಲಿಗೆ ಎಳೆಯುತ್ತಿತ್ತು. ಫಿಕ್ಸ್ಚರ್‌ನಲ್ಲಿ ನೇರವಾಗಿದ್ದದ್ದು ಓವನ್‌ನಿಂದ ಹೊರಬರುವಷ್ಟರಲ್ಲಿ ಹದಿನೈದಿಪ್ಪತ್ತು ಪಿಕ್ಸೆಲ್ ಸರಿದಿರುತ್ತಿತ್ತು. ಒಮ್ಮೆ ಅಂಟಿಸಿದ ಕ್ಯಾಮೆರಾವನ್ನು ಬಿಡಿಸಿ ಮತ್ತೆ ಬಳಸಲು ಬರುವುದಿಲ್ಲ. ಬಿಡಿಯಾಗಿ ತರಿಸುತ್ತಿದ್ದುದರಿಂದ ಸುಂಕ, ಸಾಗಣೆ ಎಲ್ಲ ಸೇರಿ ಒಂದೊಂದಕ್ಕೂ ಹತ್ತು ಹನ್ನೆರಡು ಸಾವಿರ ರೂಪಾಯಿ ಬೀಳುತ್ತಿದ್ದ ಕಾಲದಲ್ಲಿ ಹೀಗೆ ಎಸೆದವುಗಳ ಲೆಕ್ಕ ಎರಡೂವರೆ ಮೂರು ಲಕ್ಷ ದಾಟಿರಬೇಕು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕೊನೆಗೆ ಯುವಿ ಬೆಳಕಿಗೆ ಗಟ್ಟಿಯಾಗುವ ಅಂಟಿನಿಂದ ಮೊದಲು ಹಿಡಿಸಿ, ಆಮೇಲೆ ಎಪಾಕ್ಸಿ ತುಂಬುವ ಕ್ರಮಕ್ಕೆ ಬಂದೆ. ಯಾವ ಬಿಂದುಗಳಲ್ಲಿ, ಯಾವ ಸರದಿಯಲ್ಲಿ, ಎಷ್ಟು ಶಾಖದಲ್ಲಿ ಎಂಬುದನ್ನು ಇಲ್ಲಿ ಬರೆಯಲಾರೆ, ನನ್ನ ಅನ್ನ ಇರುವುದು ಅಲ್ಲೇ. ಈಗ ಅಲಗು ಎರಡು ಮೂರು ಪಿಕ್ಸೆಲ್‌ಗಿಂತ ಹೆಚ್ಚು ಕದಲುವುದಿಲ್ಲ.

ಅಲಗಿನ ಹೊಳಪು ಇನ್ನೊಂದು ಪೀಡೆ. ಬಫ್ ಮಾಡಿದ ಉಕ್ಕು ಮೇಲೆದ್ದ ಕ್ಷಣವೇ ಬೆಳಕೆಲ್ಲ ಅದರಿಂದ ಚಿಮ್ಮಿ, ಎಕ್ಸ್‌ಪೋಷರ್ ತಾನಾಗಿಯೇ ಇಳಿದು, ಅಂಗಾಂಶವೆಲ್ಲ ಕತ್ತಲಾಗುತ್ತಿತ್ತು. ಕತ್ತರಿಸಬೇಕಾದ ಕ್ಷಣದಲ್ಲೇ ಸರ್ಜನ್ ಕುರುಡಾಗುತ್ತಿದ್ದರು. ಆಟೋ ಎಕ್ಸ್‌ಪೋಷರ್ ಕಿತ್ತುಹಾಕಿ ಒಂದು ಮೌಲ್ಯಕ್ಕೆ ನಿಲ್ಲಿಸಿದೆ, ಕ್ಯಾಮೆರಾದ ಕಡೆಗಿರುವ ಅಲಗಿನ ಮುಖವನ್ನು ಬೀಡ್ ಬ್ಲಾಸ್ಟ್ ಮಾಡಿಸಿ (ಸಣ್ಣ ಮಣಿಗಳನ್ನು ರಭಸದಿಂದ ಸಿಡಿಸಿ ಹೊಳಪು ಕಳೆದು) ಅದರ ಮೇಲೆ ವಜ್ರದಂಥ ಇಂಗಾಲದ ಕಪ್ಪು ಡಿಎಲ್‌ಸಿ ಲೇಪ ಕೊಡಿಸಿದೆ, ಅಂಚನ್ನು ಮಾತ್ರ ಬರಿದಾಗಿ ಬಿಟ್ಟೆ. ಪರದೆಯಲ್ಲಿ ಈಗ ಅಲಗು ಕಪ್ಪು ನೆರಳಾಗಿಯೂ ಅದರ ಅಂಚು ತೆಳ್ಳನೆಯ ಬಿಳಿ ಗೆರೆಯಾಗಿಯೂ ಕಾಣುತ್ತದೆ. ಲೇಪಕ್ಕೆ ಕಡಿಮೆ ಸಂಖ್ಯೆಯ ಜಾಬ್ ಯಾರೂ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಬೇರೆಯವರ ಡ್ರಿಲ್ ಬಿಟ್‌ಗಳ ಬ್ಯಾಚ್‌ನಲ್ಲಿ ಸೇರಿಸಿ ಮಾಡಿಸಿಕೊಳ್ಳಬೇಕಾಯಿತು.

ಅಲಗು 420 ದರ್ಜೆಯ ಉಕ್ಕು, ಹಾರ್ಡನಿಂಗ್ ಆದ ಮೇಲೆ ಗಡಸುತನ 52ರ ಆಸುಪಾಸು ರಾಕ್‌ವೆಲ್. ವಿದ್ಯುತ್ ಕಿಡಿಯಿಂದ ಲೋಹ ಕತ್ತರಿಸುವ ವೈರ್ ಕಟ್‌ನಿಂದ ಬಂದ ಅಂಚನ್ನೇ ಹರಿತ ಮಾಡಿ ಬಳಸಿದರೆ ಮೇಲ್ಪದರದಲ್ಲಿ ಕರಗಿ ಗಟ್ಟಿಯಾದ ಲೋಹ ಉಳಿದು, ರಜ್ಜುವಿಗೆ ತಾಗಿದ ಕೂಡಲೇ ಪುಡಿಪುಡಿಯಾಗಿ ಉದುರುತ್ತದೆ ಎಂಬುದು ಈ ಕಸುಬಿನಲ್ಲಿರುವವರಿಗೆ ಗೊತ್ತೇ ಇದೆ. ಗ್ರೈಂಡಿಂಗ್‌ಗೆ ಸಾಕಷ್ಟು ಬಿಡಿ ಎಂದು ಡ್ರಾಯಿಂಗ್‌ನಲ್ಲಿ ಬರೆದುಕೊಟ್ಟರೂ ಜಾಬ್ ವರ್ಕ್‌ನವರು ಅಳತೆಗೆ ಸರಿಯಾಗಿಯೇ ಕತ್ತರಿಸಿ ಕಳುಹಿಸಿದ ಒಂದು ಲಾಟ್ ಪೂರ್ತಿ ಗುಜರಿಗೆ ಹೋಯಿತು, ಅಡ್ವಾನ್ಸ್ ಹಣವೂ ವಾಪಸ್ ಬರಲಿಲ್ಲ.

ಬೆಳಕಿಗೆ ಮೊದಲು ಪ್ಲಾಸ್ಟಿಕ್ ಫೈಬರ್ ಎಳೆದಿದ್ದೆ. ತುದಿಯನ್ನು ಲ್ಯಾಪಿಂಗ್ ಹಾಳೆಯಲ್ಲಿ ಉಜ್ಜಿ ಉಜ್ಜಿ ಕೈ ಸೋತಿತು, ಬಾಗಿದಲ್ಲಿ ಬೆಳಕು ಸೋರಿತು. ಎರಡು ಚಿಕ್ಕ ಎಲ್‌ಇಡಿಗಳನ್ನು ತುದಿಗೇ ಕೂರಿಸಿದಾಗ ಎಣಿಸದ ಲಾಭವೊಂದು ಸಿಕ್ಕಿತು: ಅವುಗಳ ಬಿಸಿಗೆ ಕ್ಯಾಮೆರಾದ ಮುಂದಿನ ಕಿಟಕಿಯ ಗಾಜು ಮಂಜಾಗುವುದು ನಿಂತಿತು. ಇಲ್ಲಿ ಸಲೈನ್ ಹರಿಯುವುದಿಲ್ಲ, ಒಣ ಕೆಲಸ, ಹಾಗಾಗಿ ಮಂಜಿನ ಕಾಟ ಹೆಚ್ಚು. ಕರೆಂಟ್ ಜಾಸ್ತಿ ಕೊಟ್ಟರೆ ತುದಿ 41 ಡಿಗ್ರಿ ದಾಟುತ್ತದೆ. ತಾಪ ಅಳೆಯುವ ಥರ್ಮೋಕಪಲ್ ಅಂಟಿಸಿ ನೋಡಿ 39ರ ಸುತ್ತಮುತ್ತ ನಿಲ್ಲಿಸಿದ್ದೇನೆ.

ಈ ನಡುವೆ ಅದೇ ಕ್ಯಾಮೆರಾವನ್ನು ಮೊಣಕಾಲಿನೊಳಗೆ ಅಂಗಾಂಶ ಕತ್ತರಿಸಿ ಹೀರುವ ಶೇವರ್‌ನ ತುದಿಗೂ ಕೂರಿಸುವ ಚಪಲ ಹುಟ್ಟಿತು. ಮೋಟಾರ್ ತಿರುಗಿದ ಕೂಡಲೇ ಚಿತ್ರದ ತುಂಬ ಅಡ್ಡ ಗೆರೆಗಳು. ಬ್ರಷ್ ಮೋಟಾರ್ ತೆಗೆದು ಬ್ರಷ್‌ಲೆಸ್ ಹಾಕಿ, ಮೋಟಾರ್‌ನ ಗ್ರೌಂಡ್ ಬೇರೆ ಮಾಡಿ, ಫೆರೈಟ್ ತೊಡಿಸಿದ ಮೇಲೆ ಗೆರೆಗಳು ಹೋದವು. ಆದರೆ ಸಕ್ಷನ್ ಹಾಕಿದೊಡನೆ ಗುಳ್ಳೆಗಳೂ ತುಂಡಾದ ಅಂಗಾಂಶವೂ ನೇರ ಲೆನ್ಸ್ ಮುಂದೆಯೇ ಓಡುತ್ತವೆ. ಶೇವರ್‌ನಲ್ಲಿ ಕ್ಯಾಮೆರಾ ದೂರದ ಬೇರೆ ತೂತು, ಅಂದರೆ ಪೋರ್ಟಲ್‌ನಲ್ಲಿರುವುದೇ ಸರಿ ಎಂದು ನನ್ನ ಅಭಿಪ್ರಾಯ. ಒಂದೂವರೆ ಲಕ್ಷಕ್ಕೆ ನಿಲ್ಲಿಸಿದೆ.

ಅಭ್ಯಾಸವೆಲ್ಲ ಕುರಿ ಕಾಲುಗಳ ಮೇಲೆ ನಡೆಯಿತು. ಆಮೇಲೆ ವೈದ್ಯಕೀಯ ಕಾಲೇಜೊಂದರ ಅನಾಟಮಿ ವಿಭಾಗದಲ್ಲಿ ಶವದ ಕೈಗಳು. ಉಂಗುರ ಬೆರಳಿನ ನೇರಕ್ಕೆ ಉಪಕರಣವನ್ನು ಒಳಗೆ ತಳ್ಳಿದಾಗ ಪರದೆಯಲ್ಲಿ ರಜ್ಜುವಿನ ಅಡ್ಡ ಎಳೆಗಳು ಬೆಳ್ಳಗೆ, ಬಿಗಿದು ಕಟ್ಟಿದ ಪಟ್ಟಿಯಂತೆ ಕಂಡವು. ಮುಂದೆ ಅವು ಮುಗಿದು ಹಳದಿ ಕೊಬ್ಬು ಶುರುವಾಗುವ ಅಂಚೂ ಸ್ಪಷ್ಟವಾಗಿತ್ತು. ಡಾಕ್ಟರು ಅಲ್ಲಿ ಟ್ರಿಗರ್ ಒತ್ತಿ ಅಲಗನ್ನು ಎಬ್ಬಿಸಿ ನಿಧಾನವಾಗಿ ತಮ್ಮ ಕಡೆಗೆ ಎಳೆದರು. ಮೊದಲ ಎಳೆತಕ್ಕೆ ಇಂಗ್ಲಿಷಿನ ವಿ ಅಕ್ಷರದಂಥ ಸೀಳು ಮಾತ್ರ ಮೂಡಿತು, ಅಂದರೆ ಮೇಲಿನ ಎಳೆಗಳು ಇನ್ನೂ ಉಳಿದಿವೆ ಎಂದರ್ಥ. ಎರಡನೆಯ ಎಳೆತಕ್ಕೆ ಎರಡೂ ಅಂಚುಗಳು ಪಕ್ಕಕ್ಕೆ ಸರಿದು ನಡುವೆ ಕೊಬ್ಬು ಜೋತುಬಿತ್ತು. "ಇಷ್ಟು ಕಂಡರೆ ಸಾಕಲ್ರೀ" ಎಂದರು. ಅಂಗೈ ಬಿಡಿಸಿ ನೋಡಿದಾಗ ರಜ್ಜು ಪೂರ್ತಿ ತುಂಡಾಗಿತ್ತು, ನರಕ್ಕೆ ಗೀರೂ ಇರಲಿಲ್ಲ.

ಒಟ್ಟು ಖರ್ಚು, ನನ್ನ ಸಂಬಳ ಬಿಟ್ಟು, ಹದಿನಾಲ್ಕು ಲಕ್ಷದ ಹತ್ತಿರ. ಒಂದು ಉಪಕರಣದ ಸಾಮಗ್ರಿ ವೆಚ್ಚ ಮೊದಲು ಇಪ್ಪತ್ತು ಸಾವಿರ ಇದ್ದದ್ದು ಈಗ ಒಂಬತ್ತಕ್ಕೆ ಇಳಿದಿದೆ. ಪರೀಕ್ಷೆಗಾಗಿ ಉಪಕರಣ ತಯಾರಿಸಲು ಸರ್ಕಾರ ಕೊಡುವ ಎಂಡಿ-13 ಲೈಸೆನ್ಸ್ ಕೈಯಲ್ಲಿದೆ, ರೋಗಿಗಳ ಮೇಲೆ ಇನ್ನೂ ಬಳಸಿಲ್ಲ. ಈ ತುದಿ ಆಟೋಕ್ಲೇವ್‌ನ ಶಾಖ ತಡೆಯುವುದಿಲ್ಲ, ಇಟಿಓ, ಅಂದರೆ ಎಥಿಲೀನ್ ಆಕ್ಸೈಡ್ ಅನಿಲದಿಂದ ಕ್ರಿಮಿ ಕಳೆಯುವುದು ನಾನು ಹಿಡಿದಿರುವ ದಾರಿ. ತೋರಿಸಿದ ಆಸ್ಪತ್ರೆಗಳಲ್ಲೆಲ್ಲ ಮೊದಲ ಪ್ರಶ್ನೆ ಎಷ್ಟು ಸಲ ಮರುಬಳಸಬಹುದು ಎಂಬುದೇ. ಒಂದೇ ಸಲ ಎಂದು ಹೇಳುತ್ತಿದ್ದೇನೆ, ಆ ಉತ್ತರಕ್ಕೆ ಒಗ್ಗುವ ಬೆಲೆ ಆರು ಸಾವಿರದ ಒಳಗಿರಬೇಕಾದ್ದರಿಂದ ಸದ್ಯಕ್ಕೆ ಕ್ಯಾಮೆರಾಗಳನ್ನು ಬಿಡಿಯಾಗಿ ಅಲ್ಲದೆ ರೀಲ್ ಲೆಕ್ಕದಲ್ಲಿ ಸಗಟಾಗಿ ತರಿಸುವ ಮಾತುಕತೆ ನಡೆದಿದೆ.