ಸಕ್ಕರೆ ಇಲ್ಲದ ಕಡಲೆಬೀಜದ ಚಾಕೊಲೇಟ್: ನೀರು ಮಾತ್ರ ತಾಗಿಸಬೇಡಿ

ಮನೆಯಲ್ಲಿ ಶುಗರ್ ಇರುವವರಿಗೂ ಸಿಹಿ ತಿನ್ನುವ ಆಸೆ ಇರುತ್ತೆ ಅಲ್ವಾ? ಅಪ್ಪನಿಗೆ ನಾನು ಮಾಡಿಕೊಡುವುದು ಹೀಗೆ.

ಒಂದು ಕಪ್ ಕಡಲೆಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಮುದ್ದೆ ಕಟ್ಟುತ್ತದೆ. ಆಗ ನೀರು ಹಾಕಬೇಡಿ. ಮಿಕ್ಸಿಗೆ ಎರಡು ನಿಮಿಷ ಬಿಡುವು ಕೊಟ್ಟು, ಅಂಚು ಕೆರೆದು, ಮತ್ತೆ ತಿರುಗಿಸಿ. ಕಡಲೆಬೀಜ ತನ್ನದೇ ಎಣ್ಣೆ ಬಿಟ್ಟು ದೋಸೆಹಿಟ್ಟಿನ ಹಾಗೆ ಜಾರಬೇಕು. ಇದೇ ಕಡಲೆಬೀಜದ ಬೆಣ್ಣೆ.

ಕಾಲು ಕಪ್ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ, ಅಷ್ಟೇ ಕೋಕೋ ಪುಡಿ, ಚಿಟಿಕೆ ಉಪ್ಪು, ಎರಡು ಚಮಚ ಎರಿಥ್ರಿಟಾಲ್ (ಸಕ್ಕರೆ ಬದಲು ಬಳಸುವ ಸಿಹಿ ಪುಡಿ) ಕಲಸಿ. ಎರಿಥ್ರಿಟಾಲ್ ಎಣ್ಣೆಯಲ್ಲಿ ಕರಗುವುದಿಲ್ಲ. ಮೊದಲೇ ನುಣ್ಣಗೆ ಪುಡಿ ಮಾಡಿಕೊಳ್ಳದಿದ್ದರೆ ಹಲ್ಲಿಗೆ ಮರಳಿನ ಹಾಗೆ ಸಿಗುತ್ತದೆ. ಚಮಚ, ಪಾತ್ರೆ ಎಲ್ಲ ಒಣಗಿರಲಿ. ಒಂದು ಸಲ ನನ್ನ ಚಮಚದಲ್ಲಿದ್ದ ನಾಲ್ಕು ಹನಿ ನೀರಿಗೇ ಕೋಕೋ ಗಂಟು ಗಂಟಾಗಿ ಕೂತುಬಿಟ್ಟಿತು.

ಅರ್ಧ ಕಪ್ ಕಡಲೆಬೀಜದ ಬೆಣ್ಣೆ ಸೇರಿಸಿ, ಐಸ್ ಟ್ರೇಗೆ ಸುರಿದು, ಒಂದು ಗಂಟೆ ಫ್ರಿಜ್‌ನಲ್ಲಿಡಿ. ತಿನ್ನುವವರೆಗೂ ಅಲ್ಲೇ ಇರಲಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ, ನಮ್ಮ ಬೇಸಿಗೆಯಲ್ಲಿ ಹೊರಗಿಟ್ಟರೆ ಪಾಯಸವೇ!

ಸಕ್ಕರೆ ಬದಲು ಬೆಲ್ಲ, ಖರ್ಜೂರ ಹಾಕಿದರೆ ಆಯ್ತು ಅಂದುಕೊಳ್ಳಬೇಡಿ. ಅವೂ ರಕ್ತದ ಸಕ್ಕರೆ ಏರಿಸುತ್ತವೆ. ಅಂಗಡಿಯ ‘ಶುಗರ್ ಫ್ರೀ’ ಚಾಕೊಲೇಟ್ ಕೊಳ್ಳುವಾಗಲೂ ಹಿಂಬದಿ ಓದಿ. ಮಾಲ್ಟಿಟಾಲ್ (ಸಕ್ಕರೆ ಬದಲು ಹಾಕುವ ಇನ್ನೊಂದು ಸಿಹಿ) ಅಂತಿದ್ದರೆ ಅದರಿಂದಲೂ ಸಕ್ಕರೆ ಸ್ವಲ್ಪ ಏರುತ್ತದೆ, ಜಾಸ್ತಿ ತಿಂದರೆ ಹೊಟ್ಟೆಯೂ ಕೆಡುತ್ತದೆ.