ಜಟ್ಲೆಂಡ್ ಕಾಳಗದಲ್ಲಿ ಸತ್ತ ಓಲ್ಡ್‌ಹ್ಯಾಮ್ ನಾವಿಕರ ಪಟ್ಟಿ ಮಾಡಿದ ಬಗೆ

ಮೊದಲ ಮಹಾಯುದ್ಧದಲ್ಲಿ ಬ್ರಿಟನ್, ಜರ್ಮನಿಗಳ ನೌಕಾಪಡೆಗಳ ನಡುವೆ 1916ರ ಮೇ 31ರಂದು ಶುರುವಾದ ಜಟ್ಲೆಂಡ್ ಕಾಳಗದಲ್ಲಿ ಬ್ರಿಟನ್ನಿನ 14 ಹಡಗು ಮುಳುಗಿದವು, 6,000ಕ್ಕೂ ಹೆಚ್ಚು ಜನ ಸತ್ತರು. ಆಗ ಇಂಗ್ಲೆಂಡಿನ ಲ್ಯಾಂಕಾಷೈರಿನ ನೂಲುವ ಮಿಲ್ಲುಗಳ ಊರಾಗಿದ್ದ ಓಲ್ಡ್‌ಹ್ಯಾಮಿನವರು ಅವರಲ್ಲಿ ಯಾರ್ಯಾರು ಎಂದು ಹುಡುಕಲು ಸಮಾಧಿಗಳಿಂದ ಹೊರಟರೆ ದಾರಿ ತಪ್ಪುತ್ತದೆ. ಶವ ಸಿಗದವರ ಹೆಸರು ಪೋರ್ಟ್ಸ್‌ಮತ್, ಪ್ಲಿಮತ್, ಚಾಟಮ್ ಸ್ಮಾರಕಗಳಲ್ಲಿವೆ. ನಾವಿಕ ಯಾವ ಬಂದರಿನ ಲೆಕ್ಕಕ್ಕೆ ಸೇರಿದ್ದನೋ ಅಲ್ಲಿ ಹೆಸರು. ಅವನ ಊರಿಗೂ ಅದಕ್ಕೂ ಸಂಬಂಧವಿಲ್ಲ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಊರಿನ ಹೆಸರು ಹಾಕಿ ಹುಡುಕಿದಾಗ ಕೆಲವರಷ್ಟೇ ಸಿಕ್ಕರು. ಇಂಥವರ ಮಗ, ಇಂಥ ಬೀದಿ ಎಂಬ ವಿವರ ಯುದ್ಧದ ನಂತರ ಮನೆಯವರು ತುಂಬಿ ಕಳಿಸಿದ ನಮೂನೆಯಿಂದ ಬಂದದ್ದು. ಕಳಿಸದಿದ್ದವರದು ಖಾಲಿ. ಅಷ್ಟರಲ್ಲಿ ಹೆತ್ತವರು ಊರು ಬಿಟ್ಟಿದ್ದರೆ ಅಲ್ಲಿರುವುದು ಬೇರೆ ಊರು.

ಆದ್ದರಿಂದ ಹುಟ್ಟಿದ ಊರನ್ನೇ ಹಿಡಿದೆ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಎ.ಡಿ.ಎಂ. (ಅಡ್ಮಿರಾಲ್ಟಿ, ಅಂದರೆ ನೌಕಾ ಇಲಾಖೆ) 188 ಸರಣಿ ನಾವಿಕರ ಸೇವಾ ದಾಖಲೆ. ಅದರ ಸೂಚಿಯಲ್ಲಿ ಜನ್ಮಸ್ಥಳದಿಂದಲೇ ಹುಡುಕಬಹುದು. ಬಂದ ಹೆಸರುಗಳನ್ನು ಮೇ 31ರಿಂದ ಮುಂದಿನ ಕೆಲವು ದಿನಗಳ ಸಾವಿನ ಪಟ್ಟಿಗೆ ತಾಳೆ ಹಾಕಿದೆ. ಗಾಯಗೊಂಡು ಆಮೇಲೆ ಸತ್ತವರೂ ಇದ್ದಾರಲ್ಲ, ಒಂದೇ ದಿನಾಂಕ ಹಾಕಿದರೆ ಅವರು ಬಿಟ್ಟುಹೋಗುತ್ತಾರೆ.

ತಾಳೆ ಹಾಕುವುದು ಸೇವಾ ಸಂಖ್ಯೆಯಿಂದಲೇ ಆಗಬೇಕು, ಹೆಸರಿನಿಂದ ಬೇಡ. ಲ್ಯಾಂಕಾಷೈರಿನಲ್ಲಿ ಒಂದೇ ಹೆಸರಿನವರು ಬೀದಿಗೊಬ್ಬರು. 1908ರಿಂದ ಸೇವಾ ಸಂಖ್ಯೆಯ ಮೊದಲಿಗೆ ಡೆಕ್ಕಿನ ನಾವಿಕರಿಗೆ 'ಜೆ', ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಸ್ಟೋಕರುಗಳಿಗೆ 'ಕೆ' ಅಕ್ಷರ. ಅಲ್ಪಾವಧಿಗೆ ಸೇರಿದವರಿಗೆ 'ಎಸ್.ಎಸ್.'. ಅಕ್ಷರ ಬಿಟ್ಟು ಅಂಕಿ ಮಾತ್ರ ಬರೆದುಕೊಂಡರೆ ಇನ್ನೊಬ್ಬನ ದಾಖಲೆ ಕೈಗೆ ಬರುತ್ತದೆ. ನೌಕಾಪಡೆಯ ಮೆರೀನ್ ಸೈನಿಕರು ಈ ಸರಣಿಯಲ್ಲಿಲ್ಲ, ಎ.ಡಿ.ಎಂ. 159ರಲ್ಲಿ ನೋಡಬೇಕು.

ದಾಖಲೆಯ ಹಾಳೆಯಲ್ಲಿ ಸೇರುವ ಮುಂಚಿನ ಕಸುಬೂ ಇರುತ್ತದೆ. ಅಲ್ಲಿ 'ಪೀಸರ್' ಎಂದರೆ ಮಿಲ್ಲಿನಲ್ಲಿ ಕಡಿದ ಎಳೆ ಜೋಡಿಸುತ್ತಿದ್ದ ಹುಡುಗ. ಮುಂದೆ ಹಡಗುಗಳ ಸಾಲು. ವಿಕ್ಟರಿ ಎರಡು, ವಿವಿಡ್, ಪೆಂಬ್ರೋಕ್ ಎಂದು ಕಂಡರೆ ಅವು ದಡದ ನೆಲೆಗಳು, ಕಾಳಗಕ್ಕೆ ಹೋದವಲ್ಲ. ಕೊನೆಯ ಹಡಗಿನ ಎದುರು 'ಡಿ.ಡಿ.' ಇದ್ದರೆ ಸೇವೆಯಲ್ಲಿದ್ದಾಗಲೇ ಸತ್ತ ಎಂದರ್ಥ. ಕ್ವೀನ್ ಮೇರಿ ಹಡಗಿನ ಹೆಸರಿನ ಮುಂದೆ ಅದು ಕಂಡಾಗ ಮನಸ್ಸು ಭಾರವಾಗುತ್ತದೆ: ಆ ಒಂದೇ ಹಡಗಿನಲ್ಲಿ ಸತ್ತವರು 1,266.

ಮನೆಯ ವಿಳಾಸಕ್ಕೆ 1911ರ ಜನಗಣತಿ ನೋಡುವಾಗ ಒಂದು ಎಚ್ಚರ. ಆಗಲೇ ಸೇವೆಯಲ್ಲಿದ್ದವನು ಹಡಗಿನ ಲೆಕ್ಕದಲ್ಲಿರುತ್ತಾನೆ, ಮನೆಯ ಹಾಳೆಯಲ್ಲಿ ಸಿಗುವುದಿಲ್ಲ. ತಂದೆ ತಾಯಿಯ ಹೆಸರು ಹಿಡಿದು ಹುಡುಕಬೇಕು. ಅವನಿಗೆ ಹತ್ತಿರದವರು ಯಾರೆಂಬುದು ಎ.ಡಿ.ಎಂ. 242ರ ಯುದ್ಧ ಸಮಾಧಿ ವಹಿಯಲ್ಲಿ ಸಿಗುತ್ತದೆ. ಪಕ್ಕದ ರಾಯ್ಟನ್, ಚಾಡರ್ಟನ್‌ಗಳಿಗೆ ಅವುಗಳದೇ ಸ್ಮಾರಕಗಳಿವೆ, ಅವನ್ನೂ ಓದಿ ನೋಡಿದೆ.

ಹ್ಯಾಂಪ್‌ಷೈರ್ ಹಡಗಿನವರನ್ನು ಮಾತ್ರ ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಅದು ಜಟ್ಲೆಂಡಿನಲ್ಲಿ ಕಾದಾಡಿ ಮರಳಿ, ಜೂನ್ 5ರಂದು ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಬಳಿ ಕಡಲ ಸಿಡಿಗುಂಡಿಗೆ ಸಿಕ್ಕಿ ಮುಳುಗಿತು.