ಎಂಎಒ-ಎ ಕಿಣ್ವ ಮತ್ತು ಇಲಿಗಳ ಒಡನಾಟ: ಪ್ರಯೋಗ ನಡೆಸುವ ಬಗೆ

ಮೊನೊಅಮೀನ್ ಆಕ್ಸಿಡೇಸ್-ಎ, ಅಂದರೆ ಎಂಎಒ-ಎ, ನರಕೋಶಗಳ ಮೈಟೊಕಾಂಡ್ರಿಯದ ಹೊರಪೊರೆಯಲ್ಲಿದ್ದು, ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನು ಒಡೆಯುವ ಕಿಣ್ವ. ಡಚ್ ಕುಟುಂಬವೊಂದರ ಕೆಲವು ಗಂಡಸರಲ್ಲಿ ಇದರ ಜೀನ್ ಕೆಟ್ಟಿರುವುದು 1993ರಲ್ಲಿ ವರದಿಯಾಯಿತು. 1995ರಲ್ಲಿ ಇದೇ ಜೀನ್ ಇಲ್ಲದ ಇಲಿಗಳ ವಿವರ ಪ್ರಕಟವಾಯಿತು. ಆ ಇಲಿಮರಿಗಳ ಮಿದುಳಿನಲ್ಲಿ ಸೆರೊಟೋನಿನ್ 9 ಪಟ್ಟಿನವರೆಗೂ ಏರಿತ್ತು, ಬೆಳೆದ ಗಂಡುಗಳು ಜಗಳಗಂಟಿಗಳಾಗಿದ್ದವು. ಇಂತಹ ಇಲಿಗಳ ನಡವಳಿಕೆಯನ್ನು ಅಳೆಯಹೊರಟ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಈ ಬರಹ.

ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ದೊರೆತ ಮೇಲೆ ಮೊದಲ ಕೆಲಸ ಇಲಿಗಳ ಆಯ್ಕೆ. ಈ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ, ಒಂದು ಕೆಟ್ಟ ಪ್ರತಿಯನ್ನು ಹೊತ್ತ ಹೆಣ್ಣನ್ನು ಸಾಮಾನ್ಯ ಗಂಡಿನೊಡನೆ ಕೂಡಿಸಿದರೆ ಹುಟ್ಟುವ ಗಂಡುಮರಿಗಳಲ್ಲಿ ಸರಾಸರಿ ಅರ್ಧದಷ್ಟಕ್ಕೆ ಕಿಣ್ವ ಇರುವುದಿಲ್ಲ, ಉಳಿದರ್ಧಕ್ಕೆ ಇರುತ್ತದೆ. ಒಂದೇ ಸೂಲಿನ ಈ ಅಣ್ಣತಮ್ಮಂದಿರನ್ನೇ ಹೋಲಿಸಬೇಕು. ಬೇರೆ ಕಡೆಯಿಂದ ತರಿಸಿದ ಸಾಮಾನ್ಯ ಇಲಿಗಳೊಡನೆ ಹೋಲಿಸಿದರೆ ತಾಯಿಯ ಆರೈಕೆಯ ವ್ಯತ್ಯಾಸವನ್ನೂ ಕಿಣ್ವದ ಲೆಕ್ಕಕ್ಕೆ ಬರೆದಂತಾಗುತ್ತದೆ. ಯಾವ ಮರಿಯಲ್ಲಿ ಜೀನ್ ಕೆಟ್ಟಿದೆ ಎಂದು ತಿಳಿಸುವ ಡಿಎನ್ಎ ಪರೀಕ್ಷೆಯ (ಪಿಸಿಆರ್) ಫಲಿತಾಂಶವನ್ನು ಒಬ್ಬರು ಇಟ್ಟುಕೊಂಡು, ನಡವಳಿಕೆಯನ್ನು ಗಮನಿಸುವವರಿಗೆ ಸಂಕೇತ ಸಂಖ್ಯೆಗಳನ್ನು ಮಾತ್ರ ಕೊಡಬೇಕು.

ಪಂಜರದ ಪ್ರಶ್ನೆ ಇದಕ್ಕಿಂತ ತೊಡಕಿನದು. ಕಿಣ್ವವಿಲ್ಲದ ಗಂಡುಗಳನ್ನು ಒಟ್ಟಿಗೆ ಇಟ್ಟರೆ ಕಚ್ಚಾಡುತ್ತವೆ, ಗಾಯಗೊಂಡ ಇಲಿ ಯಾರನ್ನೂ ಮೂಸುವ ಉತ್ಸಾಹ ತೋರುವುದಿಲ್ಲ. ಒಂಟಿಯಾಗಿ ಇಟ್ಟರೆ ಆ ಒಂಟಿತನವೇ ಸಾಮಾನ್ಯ ಗಂಡಿಲಿಯಲ್ಲಿಯೂ ಆಕ್ರಮಣವನ್ನು ಹೆಚ್ಚಿಸುತ್ತದೆ. ಯಾವುದನ್ನು ಆರಿಸಿದರೂ ಎರಡೂ ಗುಂಪುಗಳಿಗೆ ಒಂದೇ ನಿಯಮವಿರಲಿ, ಒಂಟಿಯಾಗಿದ್ದ ದಿನಗಳ ಲೆಕ್ಕ ದಾಖಲಾಗಲಿ.

ಸ್ನೇಹಪರತೆಯನ್ನು ಅಳೆಯಲು ಮೂರು ಕೋಣೆಗಳ ಪೆಟ್ಟಿಗೆ ಬಳಕೆಯಲ್ಲಿದೆ. ಇಲಿಯನ್ನು ಮೊದಲು ಖಾಲಿ ಪೆಟ್ಟಿಗೆಯಲ್ಲಿ 10 ನಿಮಿಷ ಓಡಾಡಲು ಬಿಡಬೇಕು. ಅನಂತರ ಒಂದು ಬದಿಯ ಕೋಣೆಯಲ್ಲಿ ತಂತಿಯ ಬಟ್ಟಲಿನೊಳಗೆ ಅಪರಿಚಿತ ಇಲಿಯನ್ನೂ, ಇನ್ನೊಂದು ಬದಿಯಲ್ಲಿ ಖಾಲಿ ಬಟ್ಟಲನ್ನೂ ಇಟ್ಟು ಮತ್ತೆ 10 ನಿಮಿಷ ನೋಡಬೇಕು. ಅಪರಿಚಿತ ಇಲಿಯು ಅದೇ ಲಿಂಗದ್ದೂ ಸಮವಯಸ್ಸಿನದೂ ಆಗಿರಬೇಕು, ಬಟ್ಟಲಿನಲ್ಲಿ ಸುಮ್ಮನಿರಲು ಮೊದಲೇ ರೂಢಿಯಾಗಿರಬೇಕು. ಅದನ್ನು ಇಡುವ ಬದಿಯನ್ನು ಇಲಿಯಿಂದ ಇಲಿಗೆ ಬದಲಿಸಬೇಕು. ಪ್ರತಿ ಸರದಿಯ ನಂತರ ವಾಸನೆ ಉಳಿಯದಂತೆ ಪೆಟ್ಟಿಗೆಯನ್ನು ಒರೆಸಬೇಕು. ಕೋಣೆಯಲ್ಲಿ ಕಳೆದ ಹೊತ್ತಿಗಿಂತ ಬಟ್ಟಲನ್ನು ಮೂಸಿದ ಹೊತ್ತು ಹೆಚ್ಚು ನಂಬಲರ್ಹ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮೂಲೆಯಲ್ಲಿ ಮುದುಡಿ ಕೂತ ಇಲಿಯೂ ಕೋಣೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಆಕ್ರಮಣ ಬೇರೆಯೇ ಪರೀಕ್ಷೆಯನ್ನು ಬೇಡುತ್ತದೆ. ಇಲಿಯ ಸ್ವಂತ ಪಂಜರಕ್ಕೆ ಹೊಸ ಗಂಡೊಂದನ್ನು ಬಿಟ್ಟು, ಮೊದಲ ದಾಳಿಗೆ ಹಿಡಿದ ಸಮಯವನ್ನೂ ದಾಳಿಗಳ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಗಾಯವಾಗುವ ಸೂಚನೆ ಕಂಡೊಡನೆ ಬೇರ್ಪಡಿಸಬೇಕು. ಮೂರು ಕೋಣೆಗಳ ಪರೀಕ್ಷೆಯನ್ನು ಮೊದಲು ಮುಗಿಸುವುದು ಒಳ್ಳೆಯದು, ಜಗಳವಾಡಿದ ಅನುಭವ ಮುಂದಿನ ಭೇಟಿಯ ಮೇಲೆ ನೆರಳು ಚೆಲ್ಲುತ್ತದೆ.

ಕಿಣ್ವದ ಚಟುವಟಿಕೆಯನ್ನು ಅವೇ ಇಲಿಗಳ ಮಿದುಳಿನಲ್ಲಿ ಅಳೆಯಬೇಕು. ಅಂಗಾಂಶವನ್ನು ಅರೆದು ಕೈನ್ಯೂರಮೀನ್ ಎಂಬ ರಾಸಾಯನಿಕವನ್ನು ಬೆರೆಸಿದರೆ ಕಿಣ್ವವು ಅದನ್ನು ಪ್ರತಿದೀಪ್ತಿ ಸೂಸುವ 4-ಹೈಡ್ರಾಕ್ಸಿಕ್ವಿನೊಲಿನ್ ಆಗಿ ಮಾರ್ಪಡಿಸುತ್ತದೆ. ಇದರ ಸೋದರ ಕಿಣ್ವ ಎಂಎಒ-ಬಿ ಸಹ ಅದೇ ಕೆಲಸ ಮಾಡುವುದರಿಂದ, ಕಡಿಮೆ ಪ್ರಮಾಣದ ಸೆಲೆಜಿಲಿನ್‌ನಿಂದ ಬಿ-ಯನ್ನು ತಡೆದು ಉಳಿದದ್ದನ್ನು ಅಳೆಯಬೇಕು, ಎಂಎಒ-ಎಯನ್ನು ತಡೆಯುವ ಕ್ಲಾರ್ಜಿಲಿನ್ ಸೇರಿಸಿದಾಗ ಆ ಅಳತೆ ಕುಸಿಯುವುದನ್ನೂ ನೋಡಬೇಕು. ಫಲಿತಾಂಶವನ್ನು ಪ್ರತಿ ಮಿಲಿಗ್ರಾಂ ಪ್ರೊಟೀನಿಗೆ ಇಷ್ಟು ಎಂದು ಬರೆಯಬೇಕು. ಸೆರೊಟೋನಿನ್ ಮಟ್ಟವನ್ನೂ ಅಳೆಯುವುದಾದರೆ, ಜಗಳದ ಬೆನ್ನಿಗೇ ಮಿದುಳನ್ನು ತೆಗೆಯಬಾರದು.

ಅಂಕಿಗಳನ್ನು ಹೋಲಿಸುವಾಗ ಬಹಳ ಮಂದಿ ಎಡವುವ ಜಾಗವೊಂದಿದೆ. ಸಾಮಾನ್ಯ ಇಲಿಗಳಲ್ಲಿ ಅಪರಿಚಿತನ ಕಡೆಗಿನ ಒಲವು ಸಂಖ್ಯಾಶಾಸ್ತ್ರದ ಗೆರೆ ದಾಟಿತು, ಕಿಣ್ವವಿಲ್ಲದವುಗಳಲ್ಲಿ ದಾಟಲಿಲ್ಲ ಎಂದಮಾತ್ರಕ್ಕೆ ಎರಡು ಗುಂಪುಗಳು ಭಿನ್ನವೆಂದಾಗುವುದಿಲ್ಲ. ಒಲವಿನ ಪ್ರಮಾಣವನ್ನೇ ನೇರವಾಗಿ ಗುಂಪುಗಳ ನಡುವೆ ಪರೀಕ್ಷಿಸಬೇಕು.

ವ್ಯತ್ಯಾಸ ನಿಜವಾಗಿ ಕಂಡರೂ ಅದು ಇಂದಿನ ಕಿಣ್ವದ ಕೊರತೆಯದೋ, ಮರಿಯಾಗಿದ್ದಾಗ ಮಿದುಳು ಕಟ್ಟಿಕೊಂಡ ರೀತಿಯದೋ ಎಂಬ ಪ್ರಶ್ನೆ ಉಳಿಯುತ್ತದೆ. ಕಿಣ್ವವಿಲ್ಲದ ಇಲಿಗಳಲ್ಲಿ ಮೀಸೆಗಳ ಸ್ಪರ್ಶವನ್ನು ಗ್ರಹಿಸುವ ಮಿದುಳಿನ ವಿನ್ಯಾಸ ಸರಿಯಾಗಿ ಮೂಡುವುದಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿಯೇ ಸೆರೊಟೋನಿನ್ ತಯಾರಿಕೆಯನ್ನು ತಡೆದರೆ ಅದು ಮೂಡುತ್ತದೆ. ಮೀಸೆಯಿಂದಲೂ ಪರಸ್ಪರ ಅರಿಯುವ ಪ್ರಾಣಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಆದ್ದರಿಂದ ಸಾಮಾನ್ಯ ಇಲಿಗಳಿಗೆ ವಯಸ್ಕರಾದ ಮೇಲೆ ಕ್ಲಾರ್ಜಿಲಿನ್ ಕೊಟ್ಟ ಮೂರನೆಯ ಗುಂಪೊಂದನ್ನು ಆರಂಭದಿಂದಲೇ ಯೋಜನೆಯಲ್ಲಿ ಸೇರಿಸಿಕೊಳ್ಳಬೇಕು, ಅದಕ್ಕೆ ಜೊತೆಯಾಗಿ ಬರಿಯ ಲವಣದ್ರಾವಣ ಪಡೆದ ಗುಂಪೂ ಇರಬೇಕು.